ಕಣದ ಒಳಗಿನ ಜಿದ್ದು, ಕಣದ ಹೊರಗಿನ ಜಿದ್ದು

ಪ್ರಶ್ನೆ: ನಾನು ಹುಬ್ಬಳ್ಳಿಯವನು. ಐದು ವರ್ಷದಿಂದ ದುಬೈನ ಒಂದು ಹೋಟೆಲ್‌ನಲ್ಲಿ ಕೆಲಸ ಮಾಡುತ್ತಿದ್ದೇನೆ. ಈಗ ಹೌಸ್‌ಕೀಪಿಂಗ್ ಸೂಪರ್‌ವೈಸರ್. ನನ್ನ ಕೈಕೆಳಗಿನ ಹದಿನಾಲ್ಕು ಜನರಲ್ಲಿ ಒಂಬತ್ತು ಮಂದಿ ಫಿಲಿಪೀನ್ಸ್‌ನವರು. ಕೆಲಸದ ಜಾಗದಲ್ಲಿ ತುಂಬಾ ಮೆದು ಸ್ವಭಾವ. ನಾನು ಮುಂದೆ, ನೀನು ಹಿಂದೆ ಅಂತ ಯಾರೂ ಅನ್ನುವುದಿಲ್ಲ. ಆದರೆ ಅವರವರ ಬಾಸ್ಕೆಟ್‌ಬಾಲ್ ಟೂರ್ನಿ ಬಂದರೆ, ಕ್ರಿಸ್‌ಮಸ್ ಡಾನ್ಸ್ ಸ್ಪರ್ಧೆ ಬಂದರೆ ಯುದ್ಧಕ್ಕೆ ಹೊರಟ ಹಾಗೆ ಇರುತ್ತಾರೆ. ಆ ಹುರುಪು ಕೆಲಸದಲ್ಲೂ ಬರಲಿ ಅಂತ ‘ತಿಂಗಳ ಅತ್ಯುತ್ತಮ ಕೆಲಸಗಾರ’ ಎಂದು ಗೋಡೆಗೆ ಫೋಟೊ ಹಾಕಲು ಶುರು ಮಾಡಿದೆ. ಎರಡೇ ತಿಂಗಳಿಗೆ ತಂಡ ಒಡೆದುಹೋಯಿತು. ಮೊದಲು ಗೆದ್ದ ಹುಡುಗಿ ಫೋಟೊ ತೆಗೆದುಬಿಡಿ ಸರ್ ಎಂದು ಅತ್ತಳು. ಅವಳ ಜೊತೆ ಉಳಿದವರು ಊಟಕ್ಕೆ ಕೂರುತ್ತಿಲ್ಲ. ಅವರಲ್ಲೇ ಒಬ್ಬ ‘ನಮ್ಮವರದು ಏಡಿ ಬುದ್ಧಿ’ ಅಂದ. ಇದು ನಿಜವಾ? ಈಗ ನಾನೇನು ಮಾಡಲಿ?

ಉತ್ತರ:

ಮೊದಲು ಆ ಹುಡುಗಿಯ ಫೋಟೊ ಗೋಡೆಯಿಂದ ತೆಗೆಯಿರಿ. ಇವತ್ತೇ ತೆಗೆಯಿರಿ. ಉಳಿದದ್ದನ್ನು ಆಮೇಲೆ ಓದಿದರೂ ನಡೆಯುತ್ತದೆ.

ನಿಮ್ಮ ಪತ್ರ ಓದುವಾಗ ನನಗೆ ಲಾಸ್ ಬಾನ್ಯೋಸ್ ನೆನಪಾಯಿತು. ಮನಿಲಾದಿಂದ ದಕ್ಷಿಣಕ್ಕೆ ಸುಮಾರು 60 ಕಿಲೋಮೀಟರ್ ದೂರದ ಊರು. ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ ಇರುವುದು ಅಲ್ಲೇ. ನನ್ನ ಗಂಡ ಆ ಸಂಸ್ಥೆಯಲ್ಲಿದ್ದಾಗ ನಾನೂ ಆರು ವರ್ಷ ಅಲ್ಲಿ ಸಂಸಾರ ಮಾಡಿದೆ. ನಾನು ಓದಿದ್ದು ಸಮಾಜಶಾಸ್ತ್ರ. ಅಲ್ಲಿನ ಭಾಷೆ ಟಗಾಲೊಗ್ ಕಲಿತದ್ದು ಮಾತ್ರ ಮೀನು ಮಾರ್ಕೆಟ್‌ನಲ್ಲಿ ಮತ್ತು ಪಕ್ಕದ ಮನೆಯ ಅಂಗಳದಲ್ಲಿ. ನಿಮಗೆ ಈಗ ಆಗಿರುವ ಗೊಂದಲ ನನಗೂ ಆಗಿತ್ತು. ಗಟ್ಟಿಯಾಗಿ ‘ಇಲ್ಲ’ ಅನ್ನಲೂ ಹಿಂಜರಿಯುವ ಜನ ಇವರು. ಆಟಕ್ಕೆ ಇಳಿದರೆ ಇಷ್ಟು ಕೆಚ್ಚು ಎಲ್ಲಿಂದ ಬರುತ್ತದೆ? ಬಹಳ ದಿನ ನೋಡಿದ ಮೇಲೆ ನನಗೆ ತಿಳಿದದ್ದು ಇಷ್ಟು. ಪೈಪೋಟಿಗೆ ಅವರು ಒಂದು ಕಣ ಮಾಡಿಕೊಡುತ್ತಾರೆ. ಆ ಕಣದೊಳಗೆ ಎಷ್ಟು ಬೇಕಾದರೂ ಜಿದ್ದು ಸಾಧಿಸಬಹುದು. ಹೊರಗೆ ಬಂದು ಅದೇ ಜಿದ್ದು ತೋರಿಸಿದರೆ ಅದು ಇನ್ನೊಬ್ಬರ ಮುಖಕ್ಕೆ ಹೊಡೆದ ಹಾಗೆ. ನಿಮ್ಮ ಫೋಟೊ ಬಿದ್ದದ್ದು ಕಣದ ಹೊರಗೆ.

ಏಡಿ ಮಾತನ್ನು ಮೊದಲು ಮುಗಿಸಿಬಿಡೋಣ. ಬುಟ್ಟಿಯಲ್ಲಿ ಒಂದು ಏಡಿ ಮೇಲೆ ಹತ್ತಿದರೆ ಉಳಿದವು ಕಾಲು ಹಿಡಿದು ಎಳೆಯುತ್ತವೆ ಅನ್ನುವ ಕಥೆ. ‘ಉತಾಕ್ ತಲಂಗ್ಕಾ’, ಅಂದರೆ ಏಡಿ ಮಿದುಳು ಅಂತ ಅವರೇ ತಮ್ಮನ್ನು ಬೈದುಕೊಳ್ಳುತ್ತಾರೆ. ಆದರೆ ಈ ಕಥೆಯನ್ನು ನೀವು ನಮ್ಮವರ ಬಗ್ಗೆಯೂ ಕೇಳಿಲ್ವಾ? ಭಾರತದ ಏಡಿಗಳ ಬುಟ್ಟಿಗೆ ಮುಚ್ಚಳವೇ ಬೇಡ ಅಂತ ನಮ್ಮ ಭಾಷಣಗಳಲ್ಲಿ ಎಷ್ಟು ಸಲ ಹೇಳಿಲ್ಲ? ಎರಡು ದೇಶದವರು ಒಂದೇ ಕಥೆಯನ್ನು ತಮ್ಮದೇ ಜನರ ಗುಣ ಅಂತ ನಂಬಿದರೆ, ಅದು ಯಾರ ಗುಣವನ್ನೂ ಹೇಳುತ್ತಿಲ್ಲ ಎಂದೇ ಅರ್ಥ. ಆ ಮಾತು ನನಗೆ ಬೇಸರ ತರಿಸುವುದು ಇನ್ನೊಂದು ಕಾರಣಕ್ಕೆ. ಅದು ಎಲ್ಲರೂ ಏಡಿಯನ್ನೇ ನೋಡುವಂತೆ ಮಾಡುತ್ತದೆ, ಬುಟ್ಟಿಯನ್ನು ಮರೆಸುತ್ತದೆ. ನಿಮ್ಮ ತಂಡವನ್ನೇ ನೋಡಿ. ಒಂಬತ್ತು ಜನರ ವೀಸಾ ಅವರ ಕೆಲಸಕ್ಕೆ ಕಟ್ಟಿಕೊಂಡಿದೆ. ಮೇಲಿನ ಹುದ್ದೆ ಇರುವುದು ಒಂದೋ ಎರಡೋ. ಪ್ರತಿಯೊಬ್ಬರ ಹಿಂದೆಯೂ ತಿಂಗಳ ಹಣಕ್ಕೆ ಕಾಯುವ ಮನೆ ಇದೆ. ಅಂಥ ಜಾಗದಲ್ಲಿ ಒಬ್ಬಳ ಫೋಟೊ ಮೇಲೇರಿದರೆ ಉಳಿದ ಎಂಟು ಜನಕ್ಕೆ ಏನು ಅನ್ನಿಸಬಹುದು? ಯಾವ ಊರಿನವರಾದರೂ ಅವರಿಗೆ ಅನ್ನಿಸುವುದೇ ಇವರಿಗೂ ಅನ್ನಿಸಿದೆ.

ಈಗ ಅವರ ಮಾತಿನೊಳಗೆ ಸ್ವಲ್ಪ ಇಳಿಯೋಣ. ನಿಮಗೆ ಉತ್ತರ ಸಿಗುವುದು ಅಲ್ಲೇ.

ದುಬೈನಲ್ಲಿ ನೀವು ದಿನಾ ‘ಕಬಾಯನ್’ ಎಂಬ ಮಾತು ಕೇಳುತ್ತೀರಿ. ನಮ್ಮವರೂ ಫಿಲಿಪೀನ್ಸ್‌ನವರನ್ನು ಹಾಗೇ ಕರೆಯುತ್ತಾರೆ. ‘ಬಾಯನ್’ ಅಂದರೆ ಊರು, ನಾಡು. ‘ಕ’ ಸೇರಿದರೆ ಒಂದೇ ಊರಿನವನು ಎಂದಾಯಿತು. ಈ ‘ಕ’ ನಮ್ಮ ‘ಒಡನಾಡಿ’, ‘ಒಡಹುಟ್ಟು’ ಪದಗಳಲ್ಲಿರುವ ‘ಒಡ’ ಇದ್ದ ಹಾಗೆ. ಒಡಹುಟ್ಟಿದವರು ‘ಕಪಾತಿದ್’, ಗೆಳೆಯ ‘ಕೈಬಿಗನ್’, ಜೊತೆಯಲ್ಲಿರುವವನು ‘ಕಸಾಮ’, ಪಕ್ಕದ ಮನೆಯವರು ‘ಕಪಿತ್‌ಬಾಹಾಯ್’. ಹಾಗಾದರೆ ಆಟದಲ್ಲಿ ಎದುರು ನಿಂತವನು? ‘ಕಲಾಬನ್’. ‘ಲಾಬನ್’ ಅಂದರೆ ಹೋರಾಟ. ನಾವು ‘ಎದುರಾಳಿ’ ಅನ್ನುತ್ತೇವೆ, ಎದುರು ನಿಂತ ಆಳು. ಅವರು ‘ಒಡನೆ ಕಾದುವವನು’ ಅನ್ನುತ್ತಾರೆ. ಗೆಳೆಯನಿಗೆ ಹಚ್ಚಿದ ‘ಕ’ವನ್ನೇ ಎದುರಾಳಿಗೂ ಹಚ್ಚಿದ್ದಾರೆ. ಇದನ್ನು ಗಮನಿಸಿದ ದಿನ ನನಗೆ ತುಂಬಾ ಖುಷಿಯಾಗಿತ್ತು.

ಇನ್ನೊಂದು ಕೀಲಿಯೂ ಆ ಭಾಷೆಯಲ್ಲಿದೆ. ಯಾವ ಗುಣದ ಪದವನ್ನು ತೆಗೆದುಕೊಂಡರೂ ಮುಂದೆ ಒಂದು ‘ಪ’, ಕೊನೆಗೆ ಒಂದು ‘ಆನ್’ ಹಚ್ಚಿದರೆ ಸ್ಪರ್ಧೆಯ ಹೆಸರು ಸಿದ್ಧ. ‘ಬಿಲಿಸ್’ ಅಂದರೆ ವೇಗ, ‘ಪಬಿಲಿಸಾನ್’ ಅಂದರೆ ಯಾರು ಬೇಗ ನೋಡೋಣ ಅನ್ನುವ ಪಂದ್ಯ. ‘ಗಂದಾ’ ಚೆಲುವು, ‘ಪಗಂದಾಹಾನ್’ ಯಾರು ಚೆಲುವು ಅನ್ನುವ ಪಂದ್ಯ. ‘ಯಾಬಾಂಗ್’ ಜಂಬ. ಜಂಬ ಕೊಚ್ಚುವುದಕ್ಕೂ ‘ಪಯಬಾಂಗಾನ್’ ಇದೆ! ಮಕ್ಕಳು ಓಣಿಯಲ್ಲಿ ದಿನವಿಡೀ ಹೀಗೆ ಪಂದ್ಯ ಹುಟ್ಟಿಸುತ್ತಲೇ ಇರುತ್ತಾರೆ.

ಇದರಲ್ಲಿ ಒಂದು ಪದವನ್ನು ನೀವು ಮರೆಯಬಾರದು: ‘ಪಲಕಾಸಾನ್’. ‘ಲಕಾಸ್’ ಅಂದರೆ ಬಲ. ಪಲಕಾಸಾನ್ ಅಂದರೆ ಬಲದ ಸ್ಪರ್ಧೆ, ಕ್ರೀಡೆ. ಆದರೆ ಆಫೀಸಿನಲ್ಲಿ ಅದೇ ಪದಕ್ಕೆ ಬೇರೆ ಅರ್ಥ. ಅಲ್ಲಿ ಪಲಕಾಸಾನ್ ಅಂದರೆ ವಶೀಲಿ. ‘ಅವಳು ಬಾಸ್ ಹತ್ತಿರ ಬಲವಾಗಿದ್ದಾಳೆ’ ಅಂದರೆ ಬಾಸ್‌ಗೆ ಬೇಕಾದವಳು ಅಂತ. ಕಣದೊಳಗೆ ಎಲ್ಲರೂ ಚಪ್ಪಾಳೆ ಹೊಡೆಯುವ ಬಲ, ಕಣದ ಹೊರಗೆ ಬಂದರೆ ಸಂಶಯದ ಮಾತಾಗುತ್ತದೆ. ನಿಮ್ಮ ಗೋಡೆಯ ಫೋಟೊ ನೋಡಿ ಅವರಲ್ಲಿ ಒಬ್ಬರಾದರೂ ಈ ಪದ ಆಡಿರುತ್ತಾರೆ.

ಅವರ ಕಣಗಳು ಹೇಗಿರುತ್ತವೆ ಅಂತ ಹೇಳುತ್ತೇನೆ. ಪಂಪಾಂಗ ಪ್ರಾಂತ್ಯದ ಸಾನ್ ಫೆರ್ನಾಂಡೊದಲ್ಲಿ ಪ್ರತಿ ಡಿಸೆಂಬರ್‌ನಲ್ಲಿ ‘ಲಿಗ್ಲಿಗಾನ್ ಪರುಲ್’ ನಡೆಯುತ್ತದೆ. ಅಲ್ಲಿನ ಭಾಷೆಯಲ್ಲಿ ಲಿಗ್ಲಿಗಾನ್ ಅಂದರೇ ಸ್ಪರ್ಧೆ, ಪರುಲ್ ಅಂದರೆ ಆಕಾಶಬುಟ್ಟಿ. ಒಂದೊಂದು ಬಾರಂಗಾಯ್, ಅಂದರೆ ಒಂದೊಂದು ವಾರ್ಡು, ಒಂದೊಂದು ಆಕಾಶಬುಟ್ಟಿ ಕಟ್ಟುತ್ತದೆ. ಅಡ್ಡಗಲ ಸುಮಾರು 20 ಅಡಿ. ಒಳಗೆ ಸಾವಿರಾರು ಬಲ್ಬು. ಅವು ಬ್ಯಾಂಡಿನ ತಾಳಕ್ಕೆ ಸರಿಯಾಗಿ ಹೂವಿನ ಹಾಗೆ ಅರಳಿ ಮುಚ್ಚುತ್ತವೆ. ಇದನ್ನು ಆಡಿಸುವುದು ಹಿಂದೆ ಕೂತ ಮನುಷ್ಯ. ಅವನ ಮುಂದೆ ತಗಡಿನ ದೊಡ್ಡ ಉರುಳೆಗಳು. ಉರುಳೆಯ ಮೇಲೆ ಅಲ್ಲಲ್ಲಿ ಅಂಟುಪಟ್ಟಿ. ಬಲ್ಬುಗಳ ವೈರುಗಳ ತುದಿಗೆ ಕಟ್ಟಿದ ಹೇರ್‌ಪಿನ್‌ಗಳು ಉರುಳೆಗೆ ತಾಗಿ ನಿಂತಿರುತ್ತವೆ. ಕೈಯಲ್ಲಿ ಉರುಳೆ ತಿರುಗಿಸಿದಾಗ ಪಿನ್ನು ತಗಡಿಗೆ ತಾಗಿದರೆ ದೀಪ ಹತ್ತುತ್ತದೆ, ಪಟ್ಟಿಯ ಮೇಲೆ ಬಂದರೆ ಆರುತ್ತದೆ. ಆ ರಾತ್ರಿ ಪಕ್ಕದ ವಾರ್ಡನ್ನು ಸೋಲಿಸಲೇಬೇಕು ಅನ್ನುವ ಹಟ ನೋಡಬೇಕು ನೀವು. ಸೋತ ವಾರ್ಡಿನ ಗಂಡಸರು ಕಣ್ಣೀರು ಒರೆಸಿಕೊಂಡದ್ದನ್ನು ನಾನು ನೋಡಿದ್ದೇನೆ. ಹತ್ತಿರ ಹೋಗಿ ಮಾತಾಡಿಸಿದರೆ ಯಾರೂ ‘ನಾನು ಸೋತೆ’ ಅನ್ನಲಿಲ್ಲ. ‘ನಾವು ಮುಂದಿನ ವರ್ಷ ಬರುತ್ತೇವೆ’ ಅಂದರು.

ಅಲ್ಲಿ ನಾವಿದ್ದ ಊರಿಗೆ ಹತ್ತಿರದ ಲುಕ್‌ಬಾನ್‌ನಲ್ಲಿ ಮೇ 15ಕ್ಕೆ ರೈತರ ಸಂತ ಇಸಿದ್ರೊ ಹಬ್ಬ. ಮನೆಯ ಮುಂಭಾಗವನ್ನೆಲ್ಲ ತರಕಾರಿ, ಭತ್ತದ ತೆನೆ, ‘ಕಿಪಿಂಗ್’ನಿಂದ ಮುಚ್ಚುತ್ತಾರೆ. ಕಿಪಿಂಗ್ ಅಂದರೆ ಅಕ್ಕಿ ಹಿಟ್ಟನ್ನು ಎಲೆಯ ಮೇಲೆ ಸವರಿ, ಹಬೆಯಲ್ಲಿ ಬೇಯಿಸಿ, ಒಣಗಿಸಿದ ಬಣ್ಣದ ಹಪ್ಪಳ. ಚೆಂದದ ಮನೆಗೆ ಬಹುಮಾನ ಉಂಟು. ನನಗೆ ಹಿಡಿಸಿದ್ದು ಅದರ ಏರ್ಪಾಡು. ಸಂತನ ಮೆರವಣಿಗೆ ಹೋಗುವ ಬೀದಿಯವರು ಮಾತ್ರ ಮನೆ ಸಿಂಗರಿಸುತ್ತಾರೆ. ಆ ದಾರಿ ವರ್ಷ ವರ್ಷ ಬದಲಾಗುತ್ತದೆ. ಹಾಗಾಗಿ ಗೆಲ್ಲುವ ಅವಕಾಶ ಎಲ್ಲ ಬೀದಿಗೂ ಒಂದಲ್ಲ ಒಂದು ವರ್ಷ ಬಂದೇ ಬರುತ್ತದೆ.

ಬಾಸ್ಕೆಟ್‌ಬಾಲ್ ವಿಷಯಕ್ಕೆ ಬಂದರೆ, ಅದನ್ನು ತಂದವರು ಅಮೆರಿಕದವರು. 20ನೇ ಶತಮಾನದ ಮೊದಲಲ್ಲಿ ಶಾಲೆಗಳ ಮೂಲಕ ಹರಡಿತು. ಎತ್ತರ ಕಡಿಮೆ ಇರುವ ಜನ ಎತ್ತರದವರ ಆಟವನ್ನು ಇಷ್ಟು ಹಚ್ಚಿಕೊಂಡದ್ದು ಯಾಕೆ ಅಂತ ಎಲ್ಲರೂ ಕೇಳುತ್ತಾರೆ. ಆದರೆ 1954ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಫಿಲಿಪೀನ್ಸ್ ಮೂರನೇ ಸ್ಥಾನ ಗೆದ್ದಿತ್ತು. ಏಷ್ಯಾದ ಇನ್ಯಾವ ದೇಶಕ್ಕೂ ಇವತ್ತಿನವರೆಗೆ ಅಷ್ಟು ಮೇಲೆ ಹೋಗಲು ಆಗಿಲ್ಲ. 1975ರಲ್ಲಿ ಏಷ್ಯಾದ ಮೊದಲ ವೃತ್ತಿಪರ ಬಾಸ್ಕೆಟ್‌ಬಾಲ್ ಲೀಗ್ ಶುರುವಾದದ್ದೂ ಅಲ್ಲೇ. ಆಗ ಹುಟ್ಟಿದ್ದು ಕ್ರಿಸ್ಪಾ ಮತ್ತು ಟೊಯೊಟಾ ತಂಡಗಳ ಜಿದ್ದಾಜಿದ್ದಿ. ಒಂದೇ ಮನೆಯಲ್ಲಿ ಅಪ್ಪ ಕ್ರಿಸ್ಪಾ, ಮಗ ಟೊಯೊಟಾ. 1977ರಲ್ಲಿ ಒಂದು ಪಂದ್ಯ ಮುಗಿದ ಮೇಲೆ ಎರಡೂ ತಂಡದ ಆಟಗಾರರು ಹೊಡೆದಾಡಿಕೊಂಡರು. ದೇಶದಲ್ಲಿ ಆಗ ಅಧ್ಯಕ್ಷ ಮಾರ್ಕೋಸ್ ಅವರ ಸೇನಾ ಕಾನೂನು ಇತ್ತು. ಆಟಗಾರರನ್ನು ಬೊನಿಫಾಸಿಯೊ ಕೋಟೆಯ ಸೇನಾ ನೆಲೆಗೆ ಕರೆದೊಯ್ದು ಕೂರಿಸಿದರು. ಒಂದು ದಶಕವೂ ತುಂಬದೆ ಎರಡೂ ತಂಡ ಮುಚ್ಚಿದವು. 2003ರಲ್ಲಿ ಅದೇ ಆಟಗಾರರು, ಹೊಟ್ಟೆ ಬಂದು ಕೂದಲು ನರೆತ ಮೇಲೆ, ಮತ್ತೆ ಒಂದು ಪಂದ್ಯ ಆಡಿದರು. ಕಣದಲ್ಲಿ ನಡೆದದ್ದು ಕಣದಲ್ಲೇ ಉಳಿದರೆ ಇಪ್ಪತ್ತು ವರ್ಷ ಬಿಟ್ಟು ಹೀಗೆ ಸೇರಬಹುದು.

ಸಿನಿಮಾದಲ್ಲೂ ಹಾಗೇ. ನೋರಾ ಔನೊರ್ ಮತ್ತು ವಿಲ್ಮಾ ಸಾಂತೊಸ್ ಎಂಬ ಇಬ್ಬರು ನಟಿಯರ ಅಭಿಮಾನಿಗಳು ‘ನೊರೇನಿಯನ್’, ‘ವಿಲ್ಮೇನಿಯನ್’ ಅಂತ ಎರಡು ಪಾಳೆಯವೇ ಆಗಿದ್ದರು. ನೋರಾ ಚಿಕ್ಕಂದಿನಲ್ಲಿ ಇರಿಗಾ ರೈಲು ನಿಲ್ದಾಣದಲ್ಲಿ ನೀರು ಮಾರಿದವರು, ಹಾಡಿನ ಸ್ಪರ್ಧೆ ಗೆದ್ದು ಮೇಲೆ ಬಂದವರು. ಬಿಳಿ ಚರ್ಮದ ನಾಯಕಿಯರ ಕಾಲದಲ್ಲಿ ಕಪ್ಪು ಬಣ್ಣದ ಕುಳ್ಳ ಹುಡುಗಿ. ಮನೆಗೆಲಸದ ಹೆಣ್ಣುಮಕ್ಕಳು ಅವರನ್ನು ತಮ್ಮ ಮನೆಮಗಳು ಅಂದುಕೊಂಡರು. ಅವರು ಗೆದ್ದರೆ ತಾವು ಗೆದ್ದ ಹಾಗೆ. 2022ರಲ್ಲಿ ನೋರಾಗೆ ರಾಷ್ಟ್ರೀಯ ಕಲಾವಿದೆ ಗೌರವ ಬಂತು. 2025ರಲ್ಲಿ ತೀರಿಕೊಂಡರು. ವಿಲ್ಮಾ ಬತಾಂಗಸ್ ಪ್ರಾಂತ್ಯದ ಗವರ್ನರ್ ಆದರು. ಇಬ್ಬರೂ ಒಂದೇ ಚಿತ್ರದಲ್ಲಿ ನಟಿಸಿದ್ದೂ ಉಂಟು.

ಮಾತಿನ ಜಿದ್ದಿಗೂ ಕಣ ಇದೆ. ನಮ್ಮ ಕರಾವಳಿಯ ತಾಳಮದ್ದಳೆ ಕೇಳಿದವರಿಗೆ ‘ಬಲಾಗ್ತಾಸಾನ್’ ಬೇಗ ಅರ್ಥವಾಗುತ್ತದೆ. ಇಬ್ಬರು ಕವಿಗಳು ಒಂದು ವಿಷಯದ ಎರಡು ಪಕ್ಷ ಹಿಡಿದು ಪದ್ಯದಲ್ಲೇ ವಾದಿಸುತ್ತಾರೆ. ನಡುವೆ ‘ಲಕಾಂದಿವಾ’ ಎಂಬ ಮಧ್ಯಸ್ಥ ಕೂತಿರುತ್ತಾನೆ. ಮೊದಲನೆಯದು ನಡೆದದ್ದು 1924ರ ಏಪ್ರಿಲ್ 6ರಂದು ಮನಿಲಾದಲ್ಲಿ, ಕವಿ ಫ್ರಾನ್ಸಿಸ್ಕೊ ಬಲಾಗ್ತಾಸ್ ನೆನಪಿಗೆ. ಹೊಸೆ ಕೊರಾಸೊನ್ ದೆ ಹೆಸೂಸ್ ಮತ್ತು ಫ್ಲೊರೆಂತಿನೊ ಕೊಯಾಂತೆಸ್ ಜೋಡಿಯನ್ನು ಜನ ಮುಗಿಬಿದ್ದು ಕೇಳಿದರು. ಎದುರು ನಿಂತವನು ಚುರುಕಾಗಿದ್ದಷ್ಟೂ ತನ್ನ ಪದ್ಯವೂ ಚುರುಕಾಗುತ್ತದೆ. ಒಡನೆ ಕಾದುವವನು ಅನ್ನುವುದು ಇಲ್ಲಿ ಅಕ್ಷರಶಃ ನಿಜ.

ಇನ್ನು ಕೋಳಿ ಅಂಕ. ಅವರು ‘ಸಾಬೊಂಗ್’ ಅನ್ನುತ್ತಾರೆ. 1521ರಲ್ಲಿ ನಾವಿಕ ಮೆಗಲನ್‌ನ ಹಡಗುಗಳ ಜೊತೆ ಬಂದ ಪಿಗಫೆಟ್ಟಾ ಎಂಬ ಇಟಲಿಯವನು ಪಲಾವಾನ್ ದ್ವೀಪದಲ್ಲಿ ಕೋಳಿ ಕಾಳಗ ನೋಡಿ ಬರೆದಿಟ್ಟಿದ್ದಾನೆ. ಕಾಲಿಗೆ ಬಾಳು, ಅಂದರೆ ಸಣ್ಣ ಕತ್ತಿ, ಕಟ್ಟಿದ ಹುಂಜಗಳ ಸಾವು ನನ್ನಿಂದ ನೋಡಲಾಗಲಿಲ್ಲ. ಒಮ್ಮೆ ಹೋದೆ, ಮತ್ತೆ ಹೋಗಲಿಲ್ಲ. ಆದರೆ ಅಲ್ಲಿ ಹಣದ ವ್ಯವಹಾರ ನಡೆಯುವ ರೀತಿ ನಿಮಗೆ ಗೊತ್ತಿರಬೇಕು. ಬಾಜಿ ಹಿಡಿಯುವವನ ಹೆಸರು ‘ಕ್ರಿಸ್ತೊ’. ಶಿಲುಬೆಯ ಮೇಲಿನ ಏಸುವಿನ ಹಾಗೆ ಎರಡೂ ಕೈ ಚಾಚಿ ನಿಲ್ಲುತ್ತಾನೆ, ಅದಕ್ಕೇ ಆ ಹೆಸರು. ಚೀಟಿ ಇಲ್ಲ, ಪುಸ್ತಕ ಇಲ್ಲ. ನೂರಾರು ಜನರ ಕೈಸನ್ನೆಯನ್ನು ತಲೆಯಲ್ಲೇ ಇಟ್ಟುಕೊಳ್ಳುತ್ತಾನೆ. ಕಾಳಗ ಮುಗಿದ ಕ್ಷಣ ಸೋತವರು ನೋಟನ್ನು ಮುದುರಿ ಅವನತ್ತ ಎಸೆಯುತ್ತಾರೆ. ಓಡಿಹೋದರೆ ಊರಲ್ಲಿ ಮುಖ ಎತ್ತುವ ಹಾಗಿಲ್ಲ.

ಗೆದ್ದವನಿಗೂ ಒಂದು ಕಟ್ಟುಪಾಡು ಇದೆ. ಅದರ ಹೆಸರು ‘ಬಲಾತೊ’. ಗೆದ್ದ ಹಣದಲ್ಲಿ ಸ್ವಲ್ಪವನ್ನು ಸುತ್ತ ಇದ್ದವರಿಗೆ ಹಂಚಬೇಕು. ಗೆಳೆಯರಿಗೆ, ನೆಂಟರಿಗೆ, ಸುಮ್ನೆ ನೋಡುತ್ತ ನಿಂತವನಿಗೂ. ಇದು ದಾನ ಅಲ್ಲ, ಕೇಳಿ ಪಡೆಯುವಂಥದ್ದು. ‘ಬಲಾತೊ ಎಲ್ಲಿ?’ ಅಂತ ನಗುತ್ತ ಕೈ ಒಡ್ಡುತ್ತಾರೆ. ಲಾಟರಿ ಹೊಡೆದರೂ, ಕೆಲಸದಲ್ಲಿ ಬಡ್ತಿ ಸಿಕ್ಕರೂ ಇದೇ ರೂಢಿ. ಬಡ್ತಿ ಸಿಕ್ಕವರು ಎಲ್ಲರಿಗೂ ಊಟ ಹಾಕಿಸುತ್ತಾರೆ. ಅದೃಷ್ಟ ಒಬ್ಬರ ಹತ್ತಿರ ನಿಂತರೆ ಉಳಿದವರಿಗೆ ಉರಿಯುತ್ತದೆ. ಹರಿದು ಬಂದರೆ ಉರಿ ಆರುತ್ತದೆ. ನನ್ನ ದೃಷ್ಟಿಯಲ್ಲಿ ಅವರ ಪೈಪೋಟಿಯನ್ನು ಬೀಳದಂತೆ ಹಿಡಿದು ನಿಲ್ಲಿಸಿರುವ ಮುಖ್ಯ ಕಂಬ ಇದು.

ಈ ಕಂಬ ತೆಗೆದರೆ ಏನಾಗುತ್ತದೆ ಅನ್ನುವುದಕ್ಕೆ ಹತ್ತಿರದ ಕಾಲದ ಒಂದು ಉದಾಹರಣೆ ಇದೆ. ಕೊರೋನಾ ಕಾಲದಲ್ಲಿ ಸಾಬೊಂಗ್ ಮೊಬೈಲ್‌ಗೆ ಬಂತು. ಹಗಲು ರಾತ್ರಿ ಬಾಜಿ. ಕ್ರಿಸ್ತೊ ಇಲ್ಲ, ಪಕ್ಕದಲ್ಲಿ ಮುಖ ಇಲ್ಲ, ಬಲಾತೊ ಇಲ್ಲ. ಒಬ್ಬೊಬ್ಬರೇ ಕೋಣೆಯಲ್ಲಿ ಕೂತು ಸಾಲದಲ್ಲಿ ಮುಳುಗಿದರು. ಈ ದಂಧೆಗೆ ಸಂಬಂಧಪಟ್ಟ 30ಕ್ಕೂ ಹೆಚ್ಚು ಜನ ಕಾಣೆಯಾದರು. 2022ರ ಮೇ ತಿಂಗಳಲ್ಲಿ ಅಧ್ಯಕ್ಷ ದುತೆರ್ತೆ ಅದನ್ನು ನಿಲ್ಲಿಸಿದರು.

ಕಣದೊಳಗೆ ಇನ್ನೊಂದು ನಿಯಮವೂ ಇದೆ. ಅದನ್ನು ನನಗೆ ಕಲಿಸಿದ್ದು ಪಕ್ಕದ ಮನೆಯ ಲೋಲಾ, ಅಂದರೆ ಅಜ್ಜಿ. ಆಟದಲ್ಲಿ ಸೋತು, ಉಳಿದ ಮಕ್ಕಳು ರೇಗಿಸಿದ್ದಕ್ಕೆ ಅವರ ಮೊಮ್ಮಗ ಕಲ್ಲು ಎತ್ತಿಕೊಂಡ. ಅಜ್ಜಿ ಗದರಲಿಲ್ಲ. ‘ಆಂಗ್ ಪಿಕೊನ್, ತಾಲೊ’ ಅಂದರು. ರೇಗಿದವನೇ ಸೋತವನು. ಮೈದಾನದಲ್ಲಿ ಅವರು ಎಷ್ಟೊಂದು ಛೇಡಿಸುತ್ತಾರೆ ಅಂತ ನೀವು ನೋಡಿರುತ್ತೀರಿ. ಅದಕ್ಕೆ ‘ಕಂತ್ಯಾವ್’ ಅನ್ನುತ್ತಾರೆ. ನಗುತ್ತ ತಡೆದುಕೊಂಡವನು ಅಂಕದಲ್ಲಿ ಸೋತರೂ ಮರ್ಯಾದೆಯಲ್ಲಿ ಗೆಲ್ಲುತ್ತಾನೆ.

ಕಣ ಇಲ್ಲದ ಕಡೆ ಜಿದ್ದು ಹುಟ್ಟಿದರೆ? ಆಗ ಅದು ಒಳಗೇ ಕುದಿಯುತ್ತದೆ. ನೇರವಾಗಿ ಜಗಳ ಆಡಲು ‘ಹಿಯಾ’ ಬಿಡುವುದಿಲ್ಲ. ಹಿಯಾ ಅಂದರೆ ನಾಚಿಕೆ, ಮರ್ಯಾದೆ, ಅಳುಕು ಎಲ್ಲವೂ ಸೇರಿದ್ದು. ಆದ್ದರಿಂದ ‘ಪರಿನಿಗ್’ ಬರುತ್ತದೆ, ಅಂದರೆ ಯಾರಿಗೋ ಹೇಳಿದ ಹಾಗೆ ಮಾಡಿ ಇವಳಿಗೆ ಕೇಳಿಸುವುದು. ‘ತಂಪೊ’ ಬರುತ್ತದೆ, ಅಂದರೆ ಮುನಿಸಿಕೊಂಡು ಮಾತು ಬಿಡುವುದು. ನಿಮ್ಮ ಊಟದ ಮೇಜಿನಲ್ಲಿ ಈಗ ನಡೆಯುತ್ತಿರುವುದು ಇದೇ.

ಮುಖ ಕೆಡಿಸುವ ಅವಮಾನ ಬಿದ್ದರೆ ವಿಷಯ ಇನ್ನೂ ದೂರ ಹೋಗುತ್ತದೆ. ಅವರ ಚರಿತ್ರೆಯಲ್ಲೇ ಇದೆ. 1897ರ ಮಾರ್ಚ್ 22ರಂದು ತೆಹೆರೊಸ್ ಎಂಬಲ್ಲಿ ಸ್ಪೇನ್ ವಿರುದ್ಧ ಹೋರಾಡುತ್ತಿದ್ದ ಕ್ರಾಂತಿಕಾರಿಗಳು ಸರ್ಕಾರ ಆರಿಸಲು ಸೇರಿದರು. ಅಲ್ಲಿ ಎರಡು ಬಣ. ಆಯ್ಕೆಯಾದವರನ್ನು ಎಲ್ಲರೂ ಗೌರವಿಸಬೇಕು ಅಂತ ಮೊದಲೇ ಒಪ್ಪಿಕೊಂಡಿದ್ದರು. ಕ್ರಾಂತಿ ಶುರು ಮಾಡಿದ ಆಂದ್ರೆಸ್ ಬೊನಿಫಾಸಿಯೊಗೆ ಅಧ್ಯಕ್ಷ ಸ್ಥಾನ ಸಿಗಲಿಲ್ಲ, ಅದು ಎಮಿಲಿಯೊ ಅಗಿನಾಲ್ಡೊ ಪಾಲಾಯಿತು. ಬೊನಿಫಾಸಿಯೊ ಅದನ್ನು ತಡೆದುಕೊಂಡ. ಆಂತರಿಕ ವ್ಯವಹಾರದ ಹುದ್ದೆಗೆ ಅವನ ಹೆಸರು ಬಂದಾಗ ದಾನಿಯೆಲ್ ತಿರೋನಾ ಎದ್ದು ನಿಂತ. ಈ ಹುದ್ದೆಗೆ ವಕೀಲ ಬೇಕು ಅಂದ. ಬೊನಿಫಾಸಿಯೊ ಗೋದಾಮಿನಲ್ಲಿ ಕೆಲಸ ಮಾಡಿದವನು, ದೊಡ್ಡ ಓದು ಇರಲಿಲ್ಲ. ಸಭೆಯೆದುರು ಆ ಮಾತು ಬಿದ್ದಾಗ ಅವನು ಪಿಸ್ತೂಲು ಎಳೆದ. ಎರಡು ತಿಂಗಳೊಳಗೆ, ಮೇ 10ರಂದು, ಅಗಿನಾಲ್ಡೊ ಕಡೆಯವರು ಅವನನ್ನೂ ಅವನ ತಮ್ಮನನ್ನೂ ಗುಂಡಿಕ್ಕಿ ಕೊಂದರು. ಸೋಲನ್ನು ಅವನು ನುಂಗಿಕೊಂಡಿದ್ದ. ಅವಮಾನ ನುಂಗಲು ಆಗಲಿಲ್ಲ.

1935ರಲ್ಲಿ ಬಾತಾಕ್ ಊರಿನಲ್ಲಿ ಹೂಲಿಯೊ ನಲುಂದಾಸಾನ್ ಎಂಬುವರು ಚುನಾವಣೆಯಲ್ಲಿ ಮರಿಯಾನೊ ಮಾರ್ಕೋಸ್‌ರನ್ನು ಸೋಲಿಸಿದರು. ಗೆದ್ದವರ ಬೆಂಬಲಿಗರು ಒಂದು ಶವಪೆಟ್ಟಿಗೆ ಹೊತ್ತು, ಸತ್ತದ್ದು ಮಾರ್ಕೋಸ್ ಅಂತ ಸೋತವರ ಮನೆ ಮುಂದೆಯೇ ಮೆರವಣಿಗೆ ಮಾಡಿದರು. ಅದಾದ ಸ್ವಲ್ಪದರಲ್ಲೇ, ರಾತ್ರಿ ತಮ್ಮ ಮನೆಯಲ್ಲಿ ಹಲ್ಲುಜ್ಜುತ್ತಿದ್ದಾಗ ನಲುಂದಾಸಾನ್‌ಗೆ ಗುಂಡು ಬಿತ್ತು. ಸೋತವರ ಮಗ, ಕಾನೂನು ವಿದ್ಯಾರ್ಥಿ ಫೆರ್ದಿನಾಂದ್ ಮಾರ್ಕೋಸ್ ಮೇಲೆ ಕೊಲೆಯ ಆರೋಪ ಬಂತು. ಕೆಳಗಿನ ಕೋರ್ಟು ಶಿಕ್ಷೆ ಕೊಟ್ಟಿತು, 1940ರಲ್ಲಿ ಸುಪ್ರೀಂ ಕೋರ್ಟು ಬಿಟ್ಟಿತು. ಅವನೇ ಮುಂದೆ ದೇಶದ ಅಧ್ಯಕ್ಷನಾದ ಮಾರ್ಕೋಸ್. ಗೆದ್ದವರು ಬಲಾತೊ ಹಂಚುವ ಬದಲು ಶವಪೆಟ್ಟಿಗೆ ಹೊತ್ತರು ಅಂತ ಅನ್ನಿಸುತ್ತದೆ ನನಗೆ.

ದಕ್ಷಿಣದ ಮಿಂದನಾವ್‌ನಲ್ಲಿ ಮನೆತನಗಳ ದ್ವೇಷಕ್ಕೆ ‘ರಿದೊ’ ಅಂತಲೇ ಹೆಸರು. 1930ರ ದಶಕದಿಂದ 2005ರವರೆಗೆ ಸಂಶೋಧಕರು 1,266 ರಿದೊಗಳನ್ನು ಲೆಕ್ಕ ಹಾಕಿದ್ದಾರೆ. ಸತ್ತವರು 5,500ಕ್ಕೂ ಹೆಚ್ಚು. ಜಮೀನು ಮತ್ತು ರಾಜಕೀಯದ ಪೈಪೋಟಿ ದೊಡ್ಡ ಕಾರಣಗಳು. 2009ರ ನವೆಂಬರ್ 23ರಂದು ಅಲ್ಲಿನ ಮಗಿಂದನಾವ್ ಪ್ರಾಂತ್ಯದಲ್ಲಿ ಒಂದು ಮನೆತನದವರು ಚುನಾವಣೆಗೆ ನಾಮಪತ್ರ ಸಲ್ಲಿಸಲು ಹೆಂಗಸರನ್ನು ಕಳಿಸಿದರು. ಹೆಂಗಸರ ಮೈ ಮುಟ್ಟಲಾರರು ಅನ್ನುವ ನಂಬಿಕೆ. ಜೊತೆಗೆ ಪತ್ರಕರ್ತರು ಹೋದರು. ಎದುರಾಳಿ ಮನೆತನದವರು ಒಟ್ಟು 58 ಜನರನ್ನು ಕೊಂದರು, ಅವರಲ್ಲಿ 32 ಮಂದಿ ಮಾಧ್ಯಮದವರು. ಕಣ ಅಂದ ಮೇಲೆ ನೋಡುವವರು ಇರಬೇಕು. ಅಲ್ಲಿ ನೋಡುವವರನ್ನೇ ಕೊಂದರು. ಇದನ್ನು ಬರೆಯುವಾಗ ಈಗಲೂ ಕೈ ನಡುಗುತ್ತದೆ.

ನಿಮ್ಮ ಹೋಟೆಲ್‌ಗೂ ಇದಕ್ಕೂ ಹೋಲಿಕೆ ಇಲ್ಲ, ಗೊತ್ತು. ಒಂದು ಮಾತು ಮಾತ್ರ ಹೊಂದುತ್ತದೆ. ಸೋಲನ್ನು ಅವರು ತಡೆದುಕೊಳ್ಳುತ್ತಾರೆ. ಎಲ್ಲರ ಎದುರು ಸಣ್ಣವರಾಗುವುದನ್ನು ತಡೆದುಕೊಳ್ಳಲಾರರು.

ನಾನೂ ನಿಮ್ಮ ತಪ್ಪನ್ನೇ ಮಾಡಿದ್ದೆ. ಅಲ್ಲಿ ಒಂದು ಕಾಲೇಜಿನಲ್ಲಿ ಸ್ವಲ್ಪ ದಿನ ಪಾಠ ಹೇಳುತ್ತಿದ್ದೆ. ಒಬ್ಬ ಹುಡುಗಿಯ ಪ್ರಬಂಧ ಚೆನ್ನಾಗಿತ್ತು. ತರಗತಿಯಲ್ಲಿ ಓದಿ, ಉಳಿದವರೂ ಹೀಗೆ ಬರೆಯಿರಿ ಅಂದೆ. ಮುಂದಿನ ವಾರ ಅವಳು ಕೊನೆಯ ಬೆಂಚಿಗೆ ಹೋದಳು. ಅವಳ ಬರವಣಿಗೆ ಬೇಕೆಂದೇ ಕೆಟ್ಟಿತು. ತಿಂಗಳಾದ ಮೇಲೆ ಮೆಲ್ಲಗೆ ಹೇಳಿದಳು: ‘ಮ್ಯಾಮ್, ನೀವು ನನ್ನನ್ನು ಅವರಿಂದ ಬೇರೆ ಮಾಡಿಬಿಟ್ಟಿರಿ.’ ಫಿಲಿಪೀನ್ಸ್‌ನ ಮನಶ್ಶಾಸ್ತ್ರಜ್ಞ ವಿರ್ಜಿಲಿಯೊ ಎನ್ರೀಕೆಸ್ ತಮ್ಮ ಜನರ ಮೂಲ ಮೌಲ್ಯ ‘ಕಪ್ವಾ’ ಅಂದಿದ್ದರು. ಇನ್ನೊಬ್ಬರಲ್ಲಿ ತನ್ನನ್ನು ಕಾಣುವುದು ಅಂತ ಅದರ ಅರ್ಥ. ಅದನ್ನು ನಾನು ಓದಿ ತಿಳಿದಿದ್ದೆ. ಅರ್ಥವಾದದ್ದು ಅವತ್ತು.

ನೀವು ಕೇಳಬಹುದು, ಅವರ ದೇಶದಲ್ಲಿ ಒಬ್ಬೊಬ್ಬರ ಫೋಟೊ ಹಾಕುವುದಿಲ್ವಾ ಅಂತ. ಹಾಕುತ್ತಾರೆ, ಬೇಕಾದಷ್ಟು! ನರ್ಸ್, ಇಂಜಿನಿಯರ್, ವಕೀಲರ ಪರೀಕ್ಷೆಗಳಲ್ಲಿ ಮೊದಲ ಹತ್ತು ಸ್ಥಾನ ಬಂದವರನ್ನು ‘ಟಾಪ್‌ನಾಚರ್’ ಅನ್ನುತ್ತಾರೆ. ಊರ ಬೀದಿಯಲ್ಲಿ ಅವರ ಮುಖದ ಫ್ಲೆಕ್ಸ್ ತೂಗುತ್ತದೆ. ಆದರೆ ಅದನ್ನು ಕಟ್ಟಿಸಿದವರು ಅಪ್ಪ ಅಮ್ಮ, ಶಾಲೆ, ಇಲ್ಲವೇ ಬಾರಂಗಾಯ್. ‘ನಮ್ಮ ಮಗಳು’ ಅಂತ ಅದರ ಮೇಲೆ ಬರೆದಿರುತ್ತದೆ. ಸೌಂದರ್ಯ ಸ್ಪರ್ಧೆಗಳ ಹುಚ್ಚೂ ಹೀಗೇ. 2015ರಲ್ಲಿ ಪಿಯಾ ವುರ್ಟ್ಸ್‌ಬಾಕ್, 2018ರಲ್ಲಿ ಕ್ಯಾಟ್ರಿಯೊನಾ ಗ್ರೇ ಮಿಸ್ ಯೂನಿವರ್ಸ್ ಆದಾಗ ಊರೂರೇ ಕುಣಿಯಿತು, ಗೆದ್ದದ್ದು ದೇಶ ಅಂತ. ಫೋಟೊ ಯಾರು ತೂಗುಹಾಕಿದರು ಅನ್ನುವುದೇ ಮುಖ್ಯ. ನಿಮ್ಮಲ್ಲಿ ಹಾಕಿದವರು ಬಾಸ್. ಅವಳನ್ನು ಕೇಳಲಿಲ್ಲ, ಅವಳಿಗೆ ಒಂದು ಪಕ್ಷ ಇರಲಿಲ್ಲ, ಹಂಚಲು ಏನೂ ಇರಲಿಲ್ಲ.

ಈಗ ಮಾಡಬೇಕಾದದ್ದು. ಆ ಹುಡುಗಿಯನ್ನು ಒಬ್ಬಳನ್ನೇ ಕರೆದು, ನಿನ್ನನ್ನು ಕೇಳದೆ ಹಾಕಿದ್ದು ನನ್ನ ತಪ್ಪು ಅಂತ ಹೇಳಿ. ಸಭೆಯಲ್ಲಿ ಕ್ಷಮೆ ಕೇಳಬೇಡಿ. ಅದು ಅವಳನ್ನು ಮತ್ತೆ ಎತ್ತಿ ನಿಲ್ಲಿಸಿದ ಹಾಗೆ ಆಗುತ್ತದೆ. ಉಳಿದವರ ಮುನಿಸು ಇಳಿಸಲು ನೀವೇ ಹೋಗಬೇಡಿ. ಒಂಬತ್ತು ಜನರಲ್ಲಿ ಎಲ್ಲರೂ ‘ಆತೆ’ ಎಂದು ಕರೆಯುವ ಒಬ್ಬ ಹಿರಿಯಕ್ಕ ಇದ್ದೇ ಇರುತ್ತಾಳೆ, ಇಲ್ಲವೇ ‘ಕುಯಾ’ ಅನ್ನುವ ಅಣ್ಣ. ಅವರ ಹತ್ತಿರ ಒಂದು ಮಾತು ಹೇಳಿ. ನಡುವೆ ನಿಂತು ಸರಿಪಡಿಸುವುದು ಅಲ್ಲಿ ಹಿರಿಯರ ಕೆಲಸ. ಎರಡು ವಾರ ಕಾಯಿರಿ. ಜಾಸ್ತಿ ಕೆದಕಬೇಡಿ.

ಆಮೇಲೆ ಪೈಪೋಟಿ ಬೇಕೇ ಬೇಕು ಅಂದರೆ ಮಹಡಿವಾರು ತಂಡ ಮಾಡಿ. ಹದಿನಾಲ್ಕು ಜನರನ್ನೂ ಬೆರೆಸಿ, ಫಿಲಿಪೀನ್ಸ್‌ನವರು ಒಂದು ಕಡೆ, ಉಳಿದವರು ಒಂದು ಕಡೆ ಆಗದಂತೆ ನೋಡಿಕೊಳ್ಳಿ. ತಂಡಕ್ಕೆ ಹೆಸರು ಅವರೇ ಇಡಲಿ. ಅಂಕ ಯಾವುದಕ್ಕೆ ಅಂತ ಮೊದಲೇ ಬರೆದು ಅಂಟಿಸಿ: ತಪಾಸಣೆಯಲ್ಲಿ ಪಾಸಾದ ರೂಮುಗಳು, ಅತಿಥಿಗಳ ದೂರುಗಳು, ಹೀಗೆ ಎಣಿಸಬಹುದಾದದ್ದು ಮಾತ್ರ. ನಿಮ್ಮ ಮೆಚ್ಚುಗೆಗೆ ಅಂಕ ಇರಬಾರದು. ಇದ್ದರೆ ಅದು ಪಲಕಾಸಾನ್ ಆಗುತ್ತದೆ. ಲುಕ್‌ಬಾನ್ ಮೆರವಣಿಗೆಯ ಹಾಗೆ ತಂಡಗಳನ್ನು ಎರಡೆರಡು ತಿಂಗಳಿಗೆ ಬದಲಿಸಿ. ಬಹುಮಾನದ ಹಣವನ್ನು ಗೆದ್ದ ತಂಡದ ಕೈಗೆ ಕೊಡಿ, ಅವರು ಎಲ್ಲರಿಗೂ ಪನ್ಸಿತ್ ತರಿಸಲಿ. ಪನ್ಸಿತ್ ಅಂದರೆ ಅವರ ನೂಡಲ್ಸ್. ತಂಡದಲ್ಲಿ ಮುಸ್ಲಿಮರು, ಸಸ್ಯಾಹಾರಿಗಳು ಇದ್ದರೆ ಅದಕ್ಕೆ ತಕ್ಕಂತೆ ಆರ್ಡರ್ ಮಾಡುವುದನ್ನು ಅವರೇ ನೋಡಿಕೊಳ್ಳುತ್ತಾರೆ. ಇಂಥದ್ದರಲ್ಲಿ ಅವರಷ್ಟು ಕಾಳಜಿ ನನಗೆ ಬೇರೆಲ್ಲೂ ಕಂಡಿಲ್ಲ.

ಒಂಬತ್ತೂ ಜನ ಒಂದೇ ಅಚ್ಚಿನವರು ಅಂತ ಮಾತ್ರ ತಿಳಿಯಬೇಡಿ. ಅದು 7,641 ದ್ವೀಪಗಳ ದೇಶ. ಇಲೊಕಾನೊ, ಸೆಬುವಾನೊ, ಟಗಾಲೊಗ್ ಅಂತ ಅವರೊಳಗೇ ಬೇರೆ ಬೇರೆ ನುಡಿ, ಬೇರೆ ಬೇರೆ ಹಟ. ಯಾರು ಯಾವ ಊರಿನವರು ಅಂತ ಕೇಳಿ ತಿಳಿದುಕೊಳ್ಳಿ. ಆ ಪ್ರಶ್ನೆಯೇ ಅವರಿಗೆ ಇಷ್ಟ.

ಮತ್ತೆ, ಮುಂದಿನ ಬಾಸ್ಕೆಟ್‌ಬಾಲ್ ಪಂದ್ಯಕ್ಕೆ ಹೋಗಿ. ಸೂಪರ್‌ವೈಸರ್ ಅಂತ ನಡುವೆ ಕೂತು ಎರಡೂ ಕಡೆಗೆ ಚಪ್ಪಾಳೆ ಹೊಡೆಯಬೇಡಿ. ಒಂದು ಪಕ್ಷ ಹಿಡಿದು, ಅವರ ಬಣ್ಣದ ಜರ್ಸಿ ತೊಟ್ಟು, ಗಂಟಲು ಹರಿಯುವ ಹಾಗೆ ಕೂಗಿ. ನಿಮ್ಮ ಪಕ್ಷ ಸೋತರೆ ಆಚೆ ಕಡೆಯವರು ಬಂದು ನಿಮ್ಮನ್ನು ಚೆನ್ನಾಗಿ ರೇಗಿಸುತ್ತಾರೆ. ಆಗ ನಗುತ್ತ ಕೈ ಚಾಚಿ, ‘ಬಲಾತೊ ಎಲ್ಲಿ?’ ಅಂತ ಕೇಳಿ.